ಬಾಗಿಲ ಚೌಕಟ್ಟು ಸೊಟ್ಟಗಿದೆ ಕಣೋ

ಅಣ್ಣ ಅರಸೀಕೆರೆಯಲ್ಲಿ ಹೊಸ ಮನೆ ಕಟ್ಟಿಸಿ, ಗೃಹಪ್ರವೇಶವಾಗಿ ಇನ್ನೂ ವರ್ಷ ತುಂಬಿರಲಿಲ್ಲ. 2017ರ ಬೇಸಿಗೆ. ಅಮ್ಮ ನಡುಮನೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣು ಉರಿಯಿತೆಂದು ಸೆರಗಿನ ತುದಿಯಿಂದ ಎಡಗಣ್ಣು ಒತ್ತಿಕೊಂಡು ತಲೆಯೆತ್ತಿದವಳು ದೇವರ ಮನೆ ಬಾಗಿಲ ಕಡೆ ನೋಡಿ, "ಈ ಚೌಕಟ್ಟು ಸೊಟ್ಟಗಿದೆ ಕಣೋ, ನಡುವೆ ಹೊಟ್ಟೆ ಬಂದಿದೆ" ಅಂದಳು. ಶನಿವಾರ ಭಾನುವಾರಕ್ಕೆಂದು ಬೆಂಗಳೂರಿನಿಂದ ಹೋಗಿದ್ದ ನಾನೂ ನೋಡಿದೆ. ತೇಗದ ಚೌಕಟ್ಟು, ಎರಡೂ ಕಡೆ ನೆಟ್ಟಗೆ ನಿಂತಿತ್ತು. "ಎಲ್ಲಿ ಅಮ್ಮಾ, ಸರಿಯಾಗೇ ಇದೆಯಲ್ಲ" ಅಂದೆ. ಅವಳು ಸೆರಗು ಬಿಟ್ಟು ಇನ್ನೊಂದು ಸಲ ನೋಡಿ, "ಈಗ ಅಷ್ಟಿಲ್ಲ" ಅಂದಳು. ನನಗೆ ನಗು ಬಂತು. ಗಳಿಗೆಗೊಂದು ಥರ ಸೊಟ್ಟಗಾಗುವ ಚೌಕಟ್ಟು ಎಲ್ಲಾದರೂ ಉಂಟೇ?

ಮಾತು ಅಲ್ಲಿಗೆ ನಿಲ್ಲಲಿಲ್ಲ. ತಿಂಗಳಿಗೆ ಎರಡು ಸಲವಾದರೂ ಚೌಕಟ್ಟಿನ ವಿಷಯ ಬರುತ್ತಿತ್ತು. ಅದನ್ನು ಅತ್ತಿಗೆ ಖುದ್ದಾಗಿ ಹಾಸನಕ್ಕೆ ಹೋಗಿ ಆರಿಸಿ ತಂದಿದ್ದರು. ಮನೆಸಾಲದ ಕಂತು ಅಣ್ಣನ ಸಂಬಳದ ಅರ್ಧ ನುಂಗುತ್ತಿತ್ತು. ಹೊಸ ಮನೆಯಲ್ಲಿ ಕೂತು ಅತ್ತೆಯಾದವಳು ಬಾಗಿಲು ಸೊಟ್ಟ ಅಂದರೆ, ಸೊಸೆಯ ಕಿವಿಗೆ ಅದು ಬರೀ ಬಾಗಿಲಿನ ಮಾತಾಗಿ ಬೀಳುವುದಿಲ್ಲ. ಕೊನೆಗೆ ಅಣ್ಣ ರೋಸಿಹೋಗಿ ಮೇಸ್ತ್ರಿಯನ್ನೇ ಕರೆಸಿದ. ಅಮ್ಮ ಮೂವತ್ತನಾಲ್ಕು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವಳು. ಮೇಸ್ತ್ರಿಯೂ ಅವಳ ಕೈಯಲ್ಲಿ ಮಗ್ಗಿ ಕಲಿತವನೇ. ಅವನು ದಾರಕ್ಕೆ ಕಟ್ಟಿದ ಗುಂಡನ್ನು ಚೌಕಟ್ಟಿನ ಮೇಲಿಂದ ಇಳಿಬಿಟ್ಟ, ಹೊಸ್ತಿಲ ಮೇಲೆ ರಸಮಟ್ಟ ಇಟ್ಟ, "ಟೀಚರಮ್ಮೋರೆ, ನೀವೇ ನೋಡಿ, ಒಂದು ನೂಲು ಆಚೀಚೆ ಇಲ್ಲ" ಅಂದ. ಅಮ್ಮ ಹತ್ತಿರ ಹೋದಳು. ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡು ಸುಮಾರು ಹೊತ್ತು ನೋಡಿದಳು. ಆಮೇಲೆ, "ನಿನ್ನ ದಾರವೂ ಸೊಟ್ಟಗಿದೆಯಲ್ಲೋ" ಅಂದಳು.

ಎಲ್ಲರೂ ಬಿದ್ದೂ ಬಿದ್ದೂ ನಕ್ಕೆವು. ಅತ್ತಿಗೆ ಕೂಡ ನಕ್ಕರು. ಅವತ್ತಿಗೆ ಅವರ ಸಿಟ್ಟು ಇಳಿಯಿತು. ಅಮ್ಮನೂ ಪೆಚ್ಚಾಗಿ ನಕ್ಕು ಒಳಗೆ ಕಾಫಿ ಮಾಡಲು ಹೋದಳು.

ಗುಂಡು ಕಟ್ಟಿ ಇಳಿಬಿಟ್ಟ ದಾರ ಸೊಟ್ಟಗಿರುವುದಿಲ್ಲ. ಅದನ್ನು ಎಳೆದು ನಿಲ್ಲಿಸಿರುವುದು ಭೂಮಿ. ಅದೇ ಸೊಟ್ಟಗೆ ಕಂಡರೆ ಕೆಟ್ಟಿರುವುದು ನೋಡುವ ಕಣ್ಣು ಎಂದು ಏಳನೇ ಕ್ಲಾಸಿನ ಹುಡುಗನಿಗೂ ಹೊಳೆಯಬೇಕು. ಇಂಜಿನಿಯರಿಂಗ್ ಓದಿದ ನನಗೆ ಹೊಳೆಯಲಿಲ್ಲ, ಬ್ಯಾಂಕಿನಲ್ಲಿ ಲೆಕ್ಕ ನೋಡುವ ಅಣ್ಣನಿಗೂ ಹೊಳೆಯಲಿಲ್ಲ. ಅಮ್ಮ ತನ್ನ ಕಾಯಿಲೆಯನ್ನು, ಅದು ಯಾವ ಕಣ್ಣಿನಲ್ಲಿದೆ ಎಂಬುದನ್ನೂ ಸೇರಿಸಿ, ಕರಾರುವಾಕ್ಕಾಗಿ ಹೇಳಿದ್ದಳು. ನಾವು ಅದಕ್ಕೆ ಗಾರೆ ಮೇಸ್ತ್ರಿಯನ್ನು ಕರೆಸಿದ್ದೆವು.

ಎಲ್ಲದಕ್ಕೂ ಪೊರೆ

ನಮ್ಮ ಕಡೆ ವಯಸ್ಸಾದವರ ಕಣ್ಣಿಗೆ ಎರಡೇ ಪದ. ನಲವತ್ತು ದಾಟಿ, ಪೇಪರ್ ಓದುವುದಕ್ಕೆ ಕೈ ಉದ್ದ ಸಾಲದೇ ಹೋದರೆ ಚಾಳೀಸು. ಅರವತ್ತು ದಾಟಿದ ಮೇಲೆ ಏನು ಕಾಣದಿದ್ದರೂ ಪೊರೆ. ಚಾಳೀಸಿಗೆ ಕನ್ನಡಕ, ಪೊರೆಗೆ ಆಪರೇಷನ್. ಕಣ್ಣಿಗೆ ಹೂ ಬೀಳುವುದು, ಇರುಳುಗಣ್ಣು, ಮೆಳ್ಳೆಗಣ್ಣು ಎಂದೆಲ್ಲ ಬೇರೆ ಪದಗಳೂ ಇದ್ದವು, ಆದರೆ ಅವು ಯಾರದೋ ಪಾಲಿನವು. ಮನೆಯ ಹಿರಿಯರ ಪಾಲಿಗೆ ಬರುತ್ತಿದ್ದದ್ದು ಈ ಎರಡೇ.

ಹೀಗೆ ನಂಬುವುದಕ್ಕೆ ಕಾರಣವೂ ಇದೆ. ಪೊರೆಯ ವಿಷಯದಲ್ಲಿ ಈ ನಾಡು ಕಣ್ಣಾರೆ ಕಂಡದ್ದು ಪವಾಡಕ್ಕೆ ಕಡಿಮೆಯದೇನಲ್ಲ. ಡಾ. ಎಂ.ಸಿ. ಮೋದಿಯವರ ಹೆಸರು ಕೇಳದ ಹಳೇ ತಲೆಮಾರಿನವರು ಕರ್ನಾಟಕದಲ್ಲಿ ಇಲ್ಲವೇನೋ. 1943ರಿಂದ ಊರೂರು ಸುತ್ತಿ ಉಚಿತ ಶಿಬಿರ ನಡೆಸಿದವರು; ಒಂದೇ ದಿನದಲ್ಲಿ 833 ಪೊರೆ ಆಪರೇಷನ್ ಮಾಡಿದ್ದಕ್ಕೆ ಗಿನ್ನೆಸ್ ಪುಸ್ತಕ ಸೇರಿದವರು. ನಮ್ಮ ಅಜ್ಜಿಯ ಕಣ್ಣೂ ಎಪ್ಪತ್ತರ ದಶಕದಲ್ಲಿ ಒಂದು ಶಿಬಿರದಲ್ಲೇ ಆಗಿದ್ದು. ಆಗ ಮಂಜಾದ ಮಸೂರವನ್ನು ಪೂರ್ತಿ ತೆಗೆದುಬಿಡುತ್ತಿದ್ದರು, ಒಳಗೆ ಬೇರೆ ಇಡುತ್ತಿರಲಿಲ್ಲ. ಕೆಲವು ದಿನ ತಲೆ ಅಲ್ಲಾಡಿಸದೆ ಮಲಗಿರಬೇಕು. ಆಮೇಲೆ ಮೂಗಿಗೆ ಭಾರವಾಗುವ ದಪ್ಪ ಗಾಜಿನ ಕನ್ನಡಕ. ನಾವು ಮಕ್ಕಳು ಅದನ್ನು ಸೋಡಾಬುಡ್ಡಿ ಎನ್ನುತ್ತಿದ್ದೆವು. ಅದರ ಹಿಂದೆ ಅಜ್ಜಿಯ ಕಣ್ಣು ದೊಡ್ಡ ಗೋಲಿಯಷ್ಟು ಕಾಣುತ್ತಿತ್ತು. ಆದರೂ ಅಜ್ಜಿ ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸಿದಳು, ಹೂ ಕಟ್ಟಿದಳು.

ಒಳಗೆ ಇಡುವ ಮಸೂರದ ಕತೆಯೇ ಬೇರೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಕಿಟಕಿ ಒಡೆದು, ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ಡಾಕ್ಟರ್ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರ ಇಟ್ಟರು. ಅದು ನಮ್ಮ ಹಳ್ಳಿಗಳವರೆಗೆ ಬರಲು ನಾಲ್ಕು ದಶಕಕ್ಕೂ ಹೆಚ್ಚು ಹಿಡಿಯಿತು. 1992ರಲ್ಲಿ ಮಧುರೈನ ಆರೋಲ್ಯಾಬ್ ಅದನ್ನು ಅಗ್ಗವಾಗಿ ತಯಾರಿಸಲು ಶುರುಮಾಡಿದ ಮೇಲೆಯೇ ಬಡವರ ಕಣ್ಣಿಗೂ ಅದು ಸಿಕ್ಕಿದ್ದು.

2015ರಿಂದ 2019ರವರೆಗೆ ದೇಶದಲ್ಲಿ ನಡೆದ ಅಂಧತ್ವದ ಸಮೀಕ್ಷೆಯ ಪ್ರಕಾರ, ಐವತ್ತು ದಾಟಿದವರಲ್ಲಿ ಕಣ್ಣು ಹೋಗುವುದಕ್ಕೆ ಕಾರಣ ನೂರಕ್ಕೆ ಅರವತ್ತಾರು ಪಾಲು ಪೊರೆಯೇ. ಅಂದರೆ ಮೂವರಲ್ಲಿ ಇಬ್ಬರ ಮಟ್ಟಿಗೆ "ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿದರೆ ಸರಿಹೋಗುತ್ತೆ" ಎಂಬ ಮಾತು ನಿಜ. ಆ ಮೂರನೆಯವರಿಗೇ ಈ ಮಾತು ಉರುಳಾಗುವುದು.

ಅಮ್ಮನಿಗೂ ಪೊರೆ ಇತ್ತು. ಸುಳ್ಳೇನಲ್ಲ. 2018ರಲ್ಲಿ ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಆಪರೇಷನ್ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಅವಳು ಮೊದಲು ಅಂದ ಮಾತು, "ಈ ಗೋಡೆ ಬಿಳೀದಾ! ನಾನು ಕೆನೆ ಬಣ್ಣ ಅಂದ್ಕೊಂಡಿದ್ದೆ". ಹಳದಿಗಟ್ಟಿದ ಮಸೂರ ಹೋದಾಗ ನೀಲಿ, ಬಿಳಿ ಎಲ್ಲ ತೊಳೆದಿಟ್ಟ ಹಾಗೆ ಕಾಣುವುದು ಸಹಜ. ನಾವು ಹಿಗ್ಗಿದೆವು. ವಾರ ಕಳೆದ ಮೇಲೆ ಪೇಪರ್ ಕೈಗೆತ್ತಿಕೊಂಡವಳು, "ಅಕ್ಷರ ಬೆಳ್ಳಗೆ ಕಾಣುವ ಕಾಗದದ ಮೇಲೆ ಇದೆ, ಆದರೆ ಓದಕ್ಕೆ ಹೋದರೆ ಅಲ್ಲಿ ಇಲ್ಲ" ಅಂದಳು. ಏನು ಹೇಳುತ್ತಿದ್ದಾಳೆಂದು ಯಾರಿಗೂ ತಿಳಿಯಲಿಲ್ಲ. ಮೂರು ಸಲ ಕನ್ನಡಕದ ನಂಬರ್ ಬದಲಾಯಿತು. ಡ್ರಾಪ್ಸ್ ಹೊತ್ತಿಗೆ ಸರಿಯಾಗಿ ಹಾಕಿಕೊಂಡಿರಲಿಲ್ಲ ಎಂದು ಅವಳನ್ನೇ ಬೈದದ್ದೂ ಆಯಿತು. ಬೆಂಗಳೂರಿಗೆ ಕರೆತಂದು ರೆಟಿನಾ ಡಾಕ್ಟರಿಗೆ ತೋರಿಸುವ ಹೊತ್ತಿಗೆ 2019 ಬಂದಿತ್ತು.

ಸಾಸಿವೆ ಕಾಳಿನಷ್ಟು ಜಾಗ

ಡಾಕ್ಟರಮ್ಮ ತಾಳ್ಮೆಯವರು. ಕಂಪ್ಯೂಟರಿನಲ್ಲಿ ಅಮ್ಮನ ಕಣ್ಣಿನ ಹಿಂಗೋಡೆಯ ಸ್ಕ್ಯಾನ್ ತೆರೆದರು. ಪದರ ಪದರವಾದ ಬೂದು ಪಟ್ಟಿ, ಬಾಳೆದಿಂಡನ್ನು ಸೀಳಿದರೆ ಕಾಣುವ ಹಾಗೆ. ರೆಟಿನಾದ ನಟ್ಟನಡುವೆ ಐದೂವರೆ ಮಿಲಿಮೀಟರ್ ಅಗಲದ ಒಂದು ಜಾಗ, ಅದು ಮ್ಯಾಕ್ಯುಲಾ. ಅದರ ನಡುವೆ ಒಂದೂವರೆ ಮಿಲಿಮೀಟರಿನ ತಗ್ಗು, ಸಾಸಿವೆ ಕಾಳಿನಷ್ಟು. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವ ಮುಖ ಯಾರದೆಂದು ಗುರುತು ಹಿಡಿಯುವುದು ಎಲ್ಲವೂ ಆ ಸಾಸಿವೆ ಕಾಳಿನ ಕೆಲಸ. ಉಳಿದ ರೆಟಿನಾವೆಲ್ಲ ಊರ ಹೊರಗಿನ ಕಾವಲುಗಾರನಂತೆ. ಏನೋ ಅಲ್ಲಾಡಿತು, ಅಲ್ಲಿ ಮೆಟ್ಟಿಲಿದೆ, ಯಾರೋ ಬಂದರು ಎನ್ನುತ್ತದೆ. ಬಂದದ್ದು ಯಾರು ಎಂದು ಹೇಳಲು ಅದಕ್ಕೆ ಬರುವುದಿಲ್ಲ.

ಬೆಳಕು ಹಿಡಿಯುವ ಕೋಶಗಳು ದಿನವೂ ಕಸ ಉದುರಿಸುತ್ತವೆ. ಅದನ್ನು ಬಾಚಿ ಶುಚಿ ಮಾಡುವುದಕ್ಕೆ ಕೆಳಗೊಂದು ಪದರವಿದೆ. ವಯಸ್ಸಾದಂತೆ ಆ ಪದರಕ್ಕೆ ಸುಸ್ತು. ಕಸ ಅಲ್ಲಲ್ಲೇ ಹಳದಿ ಚುಕ್ಕೆಗಳಾಗಿ ಕಟ್ಟಿಕೊಳ್ಳುತ್ತದೆ, ಬಚ್ಚಲ ಕೊಳವೆಗೆ ಜಿಡ್ಡು ಕಟ್ಟುವ ಹಾಗೆ. ವಯಸ್ಸಿನಿಂದ ಮ್ಯಾಕ್ಯುಲಾ ಹೀಗೆ ಕೆಡುವ ಕಾಯಿಲೆಗೆ ಮ್ಯಾಕ್ಯುಲರ್ ಡಿಜೆನರೇಷನ್ ಎಂದು ಹೆಸರು. ಹಾಗೇ ನಿಧಾನಕ್ಕೆ ಸವೆಯುತ್ತಾ ಹೋದರೆ ಅದು ಒಣ ಬಗೆ. ಬಹಳ ಜನರಿಗೆ ಇರುವುದು ಇದೇ. ಹತ್ತರಲ್ಲಿ ಒಬ್ಬರಿಗೆ, ಹೆಚ್ಚೆಂದರೆ ಒಂದೂವರೆ ಪಾಲಿಗೆ, ಕೆಳಗಿನಿಂದ ಹೊಸ ರಕ್ತನಾಳಗಳು ಚಿಗುರಿ ಸೋರತೊಡಗುತ್ತವೆ. ಅದು ಒದ್ದೆ ಬಗೆ. ಗೋಡೆಯೊಳಗೆ ನೀರು ಇಳಿದರೆ ಬಣ್ಣ ಉಬ್ಬುತ್ತದಲ್ಲ, ಹಾಗೆ ರೆಟಿನಾ ಉಬ್ಬುತ್ತದೆ. ಉಬ್ಬಿದ ಪರದೆಯ ಮೇಲೆ ಬಿದ್ದ ನೆಟ್ಟಗಿನ ಗೆರೆ ಸೊಟ್ಟ ಕಾಣುತ್ತದೆ. ಚೌಕಟ್ಟಿಗೆ ಹೊಟ್ಟೆ ಬಂದಿದ್ದು ಹೀಗೆ.

ಇದಕ್ಕೆ ಮದ್ದಿಲ್ಲದೆ ಇರಲಿಲ್ಲ. ಸೋರುವ ನಾಳಗಳನ್ನು ಅಡಗಿಸುವ ಇಂಜೆಕ್ಷನ್ನುಗಳು 2006ರ ಆಸುಪಾಸಿನಿಂದಲೇ ಇವೆ. ಅವುಗಳಲ್ಲಿ ಒಂದು, ಬೆವಾಸಿಜುಮ್ಯಾಬ್, ಮೂಲದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಮಾಡಿದ ಔಷಧಿ. ಕಣ್ಣೊಳಗೇ ಚುಚ್ಚುತ್ತಾರೆ, ಮೊದಮೊದಲು ತಿಂಗಳಿಗೊಮ್ಮೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಮರಗಟ್ಟಿಸುವ ಹನಿ ಹಾಕಿ ಮಾಡುವುದರಿಂದ ಅಂಥ ನೋವಿಲ್ಲವಂತೆ. ಅಮ್ಮನ ಬಲಗಣ್ಣಿನಲ್ಲಿ ಸೋರಿ ಸೋರಿ ಗಾಯದ ಕಲೆ ಕಟ್ಟಿಯಾಗಿತ್ತು. ಕಲೆಗೆ ಇಂಜೆಕ್ಷನ್ ಕೊಟ್ಟು ಫಲವಿಲ್ಲ. "ಗೆರೆ ಸೊಟ್ಟ ಕಾಣೋಕೆ ಶುರುವಾಗಿದ್ದು ಯಾವಾಗ ಅಂತ ನೆನಪಿದೆಯಾ ಅಮ್ಮಾ?" ಎಂದು ಡಾಕ್ಟರು ಕೇಳಿದರು. ಅಮ್ಮ ನನ್ನ ಕಡೆ ತಿರುಗಿದಳು. ನಾನು ಸ್ಕ್ಯಾನ್ ನೋಡುತ್ತಾ ಕೂತೆ.

ಎಡಗಣ್ಣಿನದು ಒಣ ಬಗೆ. ಅದಕ್ಕೆ ಮಾತ್ರೆ ಬರೆದುಕೊಟ್ಟರು: ವಿಟಮಿನ್ ಸಿ, ಇ, ಸತು, ತಾಮ್ರ, ಲ್ಯೂಟಿನ್. ಇದರ ಹಿಂದೆ ಅಮೆರಿಕದ ಎರಡು ದೊಡ್ಡ ಅಧ್ಯಯನಗಳಿವೆ, 2001ರದ್ದು ಮತ್ತು 2013ರದ್ದು. ಹೋದ ದೃಷ್ಟಿಯನ್ನು ಮಾತ್ರೆ ತಂದುಕೊಡುವುದಿಲ್ಲ. ನಡುಹಂತದಲ್ಲಿರುವವರಿಗೆ ಕಾಯಿಲೆ ಮುಂದಿನ ಹಂತಕ್ಕೆ ಹೋಗುವ ಅಪಾಯವನ್ನು ಐದು ವರ್ಷದಲ್ಲಿ ಕಾಲುಭಾಗದಷ್ಟು ತಗ್ಗಿಸುತ್ತದೆ, ಅಷ್ಟೇ. ಪಕ್ಕದ ಮನೆಯವರು ಅಷ್ಟರಲ್ಲಿ ಹೊನಗೊನ್ನೆ ಸೊಪ್ಪಿನ ಕಟ್ಟು ತಂದುಕೊಡಲು ಶುರುಮಾಡಿದ್ದರು. ನಾನು ಮೊದಲು ಮುಖ ಸಿಂಡರಿಸಿದ್ದೆ. ಆಮೇಲೆ ಗೊತ್ತಾಯಿತು, ಲ್ಯೂಟಿನ್ ಇರುವುದು ಹಸಿರು ಸೊಪ್ಪುಗಳಲ್ಲೇ. ಸೊಪ್ಪಿನ ಪಲ್ಯ ಈಗಲೂ ವಾರಕ್ಕೆರಡು ಸಲ ಆಗುತ್ತದೆ.

ಬೇಕಾದ್ದು ಮಾತ್ರ ಕಾಣುತ್ತೆ

ಕಣ್ಣು ಹೋಗುವುದೆಂದರೆ ಕತ್ತಲು ಎಂದೇ ನಾನು ತಿಳಿದಿದ್ದೆ. ದೀಪ ಸಣ್ಣಗಾಗುತ್ತಾ ಬಂದು ಆರುತ್ತದೆ ಎಂಬ ಹಾಗೆ. ಅಮ್ಮನಿಗೆ ಕತ್ತಲೆಂಬುದೇ ಇಲ್ಲ. ಕಪ್ಪು ಚುಕ್ಕೆಯೂ ಇಲ್ಲ. ನಡುವಿನ ಜಾಗ ಖಾಲಿ ಬಿದ್ದದ್ದನ್ನು ಮಿದುಳು ಅಕ್ಕಪಕ್ಕದ ಬಣ್ಣ ತಂದು ತೇಪೆ ಹಾಕಿಬಿಡುತ್ತದೆ. ಕಾಣದಿರುವ ಜಾಗವೊಂದು ಇದೆ ಎಂಬುದೇ ಕಾಣುವುದಿಲ್ಲ. ಹಾಗಾಗಿ ನೆಲದ ಮೇಲೆ ಮೂಲೆಯಲ್ಲಿ ಬಿದ್ದ ಹೇರ್‌ಪಿನ್ನು ಅವಳಿಗೆ ಕಾಣುತ್ತದೆ, ಎದುರಿಗೆ ಬಂದು ನಿಂತ ತಂಗಿಯ ಮಗಳು ಕಾಣುವುದಿಲ್ಲ.

ತಿಪಟೂರಿನಲ್ಲಿ ನಡೆದ ನೆಂಟರ ಮದುವೆಯೊಂದರಲ್ಲಿ ಇದು ದೊಡ್ಡ ರಾದ್ಧಾಂತವಾಯಿತು. ನಮ್ಮ ಸೋದರತ್ತೆ ಎದುರಿಗೇ ಬಂದು ನಕ್ಕರೂ ಅಮ್ಮ ಮಾತಾಡಿಸದೆ ಮುಂದೆ ಹೋದಳಂತೆ. ಊಟದ ಪಂಕ್ತಿಯಲ್ಲಿ ಮಾತ್ರ ಎಲೆಯ ಮೂಲೆಗೆ ಬಡಿಸಿದ್ದ ಉಪ್ಪು ಕಂಡಿತಂತೆ, "ಉಪ್ಪು ಜಾಸ್ತಿ ಹಾಕಿದೀಯಪ್ಪ" ಅಂದಳಂತೆ. "ಮಕ್ಕಳು ಬೆಂಗಳೂರು, ಬ್ಯಾಂಕು ಅಂತ ಸೇರಿದ ಮೇಲೆ ನಿಮ್ಮಮ್ಮನಿಗೆ ಬೇಕಾದ್ದು ಮಾತ್ರ ಕಾಣುತ್ತೆ ಬಿಡು" ಎಂದು ಅತ್ತೆ ನನಗೆ ಫೋನು ಮಾಡಿ ಹೇಳಿದರು. ಅತ್ತಿಗೆಯದೂ ಅದೇ ದೂರು, ಮೆಲುದನಿಯಲ್ಲಿ: "ಅತ್ತೆ ನನ್ನ ಮುಖ ನೋಡಿ ಮಾತಾಡಲ್ಲ, ನನ್ನ ಕಿವಿ ನೋಡ್ಕೊಂಡು ಮಾತಾಡ್ತಾರೆ. ನಾನೇನು ಮಾಡಿದೀನಿ?"

ಏನೂ ಮಾಡಿರಲಿಲ್ಲ. ಕಿವಿಯ ಕಡೆ ನೋಡಿದಾಗ ಮಾತ್ರ ಅಮ್ಮನಿಗೆ ಅತ್ತಿಗೆಯ ಮುಖ, ಮಸುಕಾಗಿಯಾದರೂ, ಕಾಣುತ್ತಿತ್ತು. ನಡು ಸತ್ತ ಕಣ್ಣಿನವರು ಅಂಚಿನಿಂದ ನೋಡುವುದನ್ನು ಕಲಿಯಬೇಕು, ಎಷ್ಟೋ ಕಡೆ ಅದಕ್ಕೆ ತರಬೇತಿಯನ್ನೇ ಕೊಡುತ್ತಾರೆ ಎಂದು ಡಾಕ್ಟರು ಹೇಳಿದರು. "ಇವರು ತಾವಾಗೇ ಕಲ್ತುಬಿಟ್ಟಿದಾರೆ, ಜಾಣೆ" ಅಂದರು. ಅಮ್ಮ ಮುಖವನ್ನು ಓರೆ ಮಾಡಿ ನೋಡುವುದನ್ನು ನಾವು ಎರಡು ವರ್ಷ ಸೊಕ್ಕು, ಮುನಿಸು, ನಾಟಕ ಎಂದೆಲ್ಲ ಕರೆದಿದ್ದೆವು. ಅವಳು ನಮ್ಮನ್ನು ನೋಡಲು ಪಡುತ್ತಿದ್ದ ಪಾಡು ಅದು. ಈ ವಿಷಯ ಅತ್ತಿಗೆಗೆ ತಿಳಿಸಿದಾಗ ಅವರು ಏನೂ ಮಾತಾಡಲಿಲ್ಲ. ಮಾರನೆಯ ದಿನದಿಂದ ಅಮ್ಮನ ಹತ್ತಿರ ಹೋಗುವಾಗ "ಅತ್ತೆ, ನಾನು" ಎಂದು ಹೇಳಿಕೊಂಡೇ ಹೋಗತೊಡಗಿದರು. ಮುಖ ಕಾಣದವರ ಮುಂದೆ ನಿಂತು "ನಾನ್ಯಾರು ಹೇಳು ನೋಡೋಣ" ಎಂದು ಆಟ ಆಡಿಸುವ ನೆಂಟರನ್ನು ಮಾತ್ರ ನನಗೆ ಈಗಲೂ ಸಹಿಸಲಾಗುವುದಿಲ್ಲ.

ಇದರ ತಿರುವುಮುರುವು ನಮ್ಮ ದೊಡ್ಡಪ್ಪನದು. ಅವರಿಗೆ ಇದ್ದದ್ದು ಗ್ಲಾಕೋಮಾ. ಅವರ ಬಾಯಲ್ಲಿ "ಕಣ್ಣಿನ ಬಿಪಿ". ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ, ಪಾದರಸದ ಲೆಕ್ಕದಲ್ಲಿ, ಹತ್ತರಿಂದ ಇಪ್ಪತ್ತೊಂದು ಮಿಲಿಮೀಟರಿನೊಳಗೆ ಇರಬೇಕು. ಕಣ್ಣಿನಿಂದ ಮಿದುಳಿಗೆ ಹೋಗುವ ನರಕ್ಕೆ ಒತ್ತಡ ಹೆಚ್ಚಾದರೆ, ಹತ್ತು ಹನ್ನೆರಡು ಲಕ್ಷ ಎಳೆಗಳ ಆ ಹಗ್ಗ ಒಂದೊಂದೇ ಎಳೆಯಾಗಿ ಸಾಯುತ್ತದೆ. ಇಲ್ಲಿ ಹೋಗುವುದು ಅಂಚು, ಉಳಿಯುವುದು ನಡು. ದೊಡ್ಡಪ್ಪ ಪೇಪರನ್ನು ಸಿನಿಮಾ ಜಾಹೀರಾತಿನವರೆಗೂ ಓದುತ್ತಿದ್ದರು, ಟಿವಿಎಸ್ ಮೊಪೆಡ್ಡಿನಲ್ಲಿ ಹೋಗುವಾಗ ಪಕ್ಕದಿಂದ ಬಂದ ಹಸುವಿಗೆ ಗುದ್ದುತ್ತಿದ್ದರು. ಎರಡು ಸಲ ಬಿದ್ದ ಮೇಲೆ ತಪಾಸಣೆ ಆಯಿತು. ಡಾಕ್ಟರು ಜೀವಮಾನಪೂರ್ತಿ ಹಾಕಬೇಕೆಂದು ಡ್ರಾಪ್ಸ್ ಕೊಟ್ಟರು. ದೊಡ್ಡಪ್ಪ ಮೂರು ತಿಂಗಳು ಹಾಕಿ, "ಏನೂ ಫರಕು ಗೊತ್ತಾಗ್ಲಿಲ್ಲ" ಎಂದು ಬಿಟ್ಟರು. ಫರಕು ಗೊತ್ತಾಗದೆ ಇರುವುದೇ ಆ ಡ್ರಾಪ್ಸಿನ ಕೆಲಸ, ಇದ್ದದ್ದನ್ನು ಇದ್ದಂತೆ ಉಳಿಸುವುದು. ಕೆಮ್ಮಿಗೆ ಕಷಾಯ ಕುಡಿದು ಬೆಳಿಗ್ಗೆ ಎದ್ದು ಗುಣ ನೋಡುವ ನಮ್ಮಂಥವರಿಗೆ ಇಂಥ ಔಷಧಿಯ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಕೊನೆಯ ವರ್ಷಗಳಲ್ಲಿ ಅವರು ಕೊಳವೆಯೊಳಗಿಂದ ನೋಡುವವರ ಹಾಗೆ ತಲೆಯನ್ನು ಅತ್ತಿತ್ತ ತಿರುಗಿಸುತ್ತಿದ್ದರು.

ಹಸಿರು ಲಂಗದ ಮಕ್ಕಳು

2022ರ ಹೊತ್ತಿಗೆ ಅಮ್ಮನ ಎಡಗಣ್ಣಿನ ನಡುವೂ ಸವೆದಿತ್ತು. ಆ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟು ಹೋಗಿತ್ತು. ನಡುಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ ಕಾಲು ಮಡಚಿಕೊಂಡಳು, ಯಾರಿಗೋ ದಾರಿ ಬಿಡುವ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಾಚಿದಳು. "ಯಾರಿಗಮ್ಮ ಜಾಗ ಬಿಟ್ಟೆ?" ಅಂದೆ ತಮಾಷೆಗೆ. ಅವಳು ಗಾಬರಿಯಾದಳು. "ಯಾರಿಗೂ ಇಲ್ಲ, ಕಾಲು ಜೋಮು" ಅಂದಳು. ಮೂವತ್ತನಾಲ್ಕು ವರ್ಷ ಮಕ್ಕಳ ಸುಳ್ಳು ಹಿಡಿದವ‍ಳಿಗೆ ತಾನು ಸುಳ್ಳು ಹೇಳಲು ಬರುವುದಿಲ್ಲ. ಒತ್ತಾಯ ಮಾಡಿದ ಮೇಲೆ, ಅಡುಗೆಮನೆ ಕಡೆ ಕಿವಿಗೊಟ್ಟು, "ನಿನ್ನಾಣೆ ಯಾರಿಗೂ ಹೇಳಬಾರದು" ಎಂದು ಶುರುಮಾಡಿದಳು.

ಮಕ್ಕಳು ಬರುತ್ತವಂತೆ. ಏಳೆಂಟು. ಹಸಿರು ಲಂಗ, ಅಂಚಿಗೆ ಜರಿ. ಮೊಳಕಾಲೆತ್ತರವೂ ಇಲ್ಲ. ಸಾಲಾಗಿ ಪ್ರೇಯರಿಗೆ ಹೋಗುವ ಹಾಗೆ ಬಾಗಿಲಿನಿಂದ ಬಂದು ಸೋಫಾದ ಹಿಂದೆ ಹೋಗುತ್ತವೆ. "ನಿನ್ನ ಮುಖ ನನಗೆ ಸರಿಯಾಗಿ ಕಾಣಲ್ಲ, ಆದರೆ ಆ ಲಂಗದ ಜರಿ ಎಳೆ ಎಳೆಯಾಗಿ ಕಾಣುತ್ತೆ ಕಣೋ." ಭಯವಾಗುತ್ತದಾ ಎಂದು ಕೇಳಿದೆ. "ಭಯ ಎಂಥದ್ದು. ಒಂದು ಚೂರು ಶಬ್ದ ಮಾಡಲ್ಲ. ನನ್ನ ಸರ್ವಿಸಿನಲ್ಲಿ ಇಷ್ಟು ಗಲಾಟೆ ಇಲ್ಲದ ಮಕ್ಕಳನ್ನ ನಾನು ಕಂಡಿಲ್ಲ" ಅಂದಳು. ಅವು ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ತುಳಿದರೆ ಎಂಬ ಅಳುಕಿಗೆ ಕಾಲು ಮಡಚಿಕೊಳ್ಳುತ್ತಿದ್ದಳು. ಎಂಟು ತಿಂಗಳಿಂದ ಹೀಗೆ. ಯಾರಿಗೂ ಹೇಳಿರಲಿಲ್ಲ.

ಹೇಳದೆ ಇದ್ದದ್ದು ಒಳ್ಳೆಯದೇ ಆಯಿತೇನೋ ಅನ್ನಿಸುವಷ್ಟು ಗದ್ದಲ ಆಮೇಲೆ ಎದ್ದಿತು. ನಾನು ಆಣೆ ಮುರಿದು ಅಣ್ಣನಿಗೆ ಹೇಳಿದೆ. ಅವನು ಇದು ಮರೆವಿನ ಕಾಯಿಲೆಯ ಶುರು ಎಂದು ರಾತ್ರಿಯಿಡೀ ಮೊಬೈಲಿನಲ್ಲಿ ಓದಿದ. ಚಿಕ್ಕಮ್ಮ ಬಂದು ನಿಂಬೆಹಣ್ಣು ನಿವಾಳಿಸಿದರು, ಒಣಮೆಣಸಿನಕಾಯಿ ಸುಟ್ಟರು, ತೋಳಿಗೊಂದು ತಾಯಿತ ಕಟ್ಟಿದರು. ದೃಷ್ಟಿ ಹೋದವಳಿಗೆ ದೃಷ್ಟಿ ತೆಗೆದದ್ದಾಯಿತು.

ಮುಂದಿನ ಸಲ ಬೆಂಗಳೂರಿಗೆ ತೋರಿಸಲು ಹೋದಾಗ ನಾನು ಬಾಯಿ ಬಿಡುವ ಮೊದಲೇ ಡಾಕ್ಟರಮ್ಮ ಮಾಮೂಲಿ ಪ್ರಶ್ನೆಗಳ ನಡುವೆ ಇದನ್ನೂ ಕೇಳಿದರು: "ಅಲ್ಲಿ ಇಲ್ಲದ್ದು ಏನಾದರೂ ಕಾಣುತ್ತಾ ಅಮ್ಮಾ? ಜನ, ಮಕ್ಕಳು, ಹೂವು, ಜಾಲರಿ ಥರ?" ಅಮ್ಮ ತಾಯಿತದ ಮೇಲೆ ಸೆರಗು ಎಳೆದುಕೊಂಡಳು. ಡಾಕ್ಟರು ನಕ್ಕು, ದೃಷ್ಟಿ ಕುಂದಿದ ಹಿರಿಯರಲ್ಲಿ ಬಹಳ ಜನಕ್ಕೆ ಹೀಗಾಗುತ್ತದೆ, ಹುಚ್ಚು ಅಂದುಬಿಡುತ್ತಾರೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಅದಕ್ಕೇ ನಾವೇ ಕೇಳುತ್ತೇವೆ ಅಂದರು. ಇದಕ್ಕೆ ಶಾರ್ಲ್ ಬೊನೆ ಸಿಂಡ್ರೋಮ್ ಎಂದು ಹೆಸರು. ಬೊನೆ ಸ್ವಿಟ್ಜರ್ಲೆಂಡಿನ ಜಿನೀವಾದವನು. ಪೊರೆಯಿಂದ ಕಣ್ಣು ಮಂಜಾಗಿದ್ದ ಅವನ ಅಜ್ಜನಿಗೆ ತೊಂಬತ್ತರ ಹತ್ತಿರದಲ್ಲಿ ಗಂಡಸರು, ಹೆಂಗಸರು, ಹಕ್ಕಿ, ಗಾಡಿ, ಕಟ್ಟಡಗಳು ಕಾಣುತ್ತಿದ್ದವು. ತಲೆ ಮಾತ್ರ ನೆಟ್ಟಗಿತ್ತು. ಮೊಮ್ಮಗ 1760ರಲ್ಲಿ ಅದನ್ನು ಬರೆದಿಟ್ಟ. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಮಿದುಳಿನಲ್ಲಿ ನೋಡುವ ಭಾಗ ಕೈಕಟ್ಟಿ ಕೂರುವುದಿಲ್ಲ, ತಾನೇ ಚಿತ್ರ ಹೆಣೆಯುತ್ತದೆ. ಕಾಲು ಕತ್ತರಿಸಿದವರಿಗೆ ಇಲ್ಲದ ಪಾದದಲ್ಲಿ ತುರಿಕೆಯಾದಂತೆ. ಶಬ್ದ ಇರುವುದಿಲ್ಲ, ಇದು ನಿಜವಲ್ಲ ಎಂಬ ಅರಿವು ಇರುತ್ತದೆ. ದನಿಯೂ ಕೇಳತೊಡಗಿದರೆ, ಅಥವಾ ಕಂಡದ್ದನ್ನು ನಿಜವೆಂದೇ ನಂಬತೊಡಗಿದರೆ ಬೇರೆ ತಪಾಸಣೆ ಬೇಕು ಅಂದರು. ಬಂದಾಗ ದೀಪ ಹಾಕಿ, ಕಣ್ಣು ಪಿಳಿಪಿಳಿ ಮಾಡಿ, ಎಡಕ್ಕೂ ಬಲಕ್ಕೂ ನೋಟ ಹೊರಳಿಸಿ, ಹೋಗಬಹುದು ಎಂದೂ ಹೇಳಿಕೊಟ್ಟರು.

ವಾಪಸ್ಸು ರೈಲಿನಲ್ಲಿ ಯಶವಂತಪುರ ಬಿಟ್ಟಾಗ ಅಮ್ಮ "ಹಂಗಾದ್ರೆ ನನಗೆ ತಲೆ ಕೆಟ್ಟಿಲ್ಲ" ಅಂದಳು. ತುಮಕೂರಿನಲ್ಲಿ ಇನ್ನೊಂದು ಸಲ ಅಂದಳು. ತಿಪಟೂರು ಬರುವ ಹೊತ್ತಿಗೆ ಎದುರು ಸೀಟಿನ ಹೆಂಗಸಿಗೆ ಹಸಿರು ಲಂಗದ ಕತೆಯನ್ನು ಪೂರ್ತಿ ಹೇಳಿ ಮುಗಿಸಿದ್ದಳು. ಎಂಟು ತಿಂಗಳ ಗುಟ್ಟು. ಆ ಹೆಂಗಸು ತಮ್ಮ ಮಾವನಿಗೂ ಕುದುರೆ ಕಾಣುತ್ತಿದ್ದವು, ತಾವು ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದೆವು ಅಂದರು.

ಬಾಳೆ ಎಲೆ, ನೋಟು, ಹೊಸ್ತಿಲು

ಹೊಸ ಮನೆ ಅಮ್ಮನ ಕಣ್ಣಿಗೆ ಹೇಳಿ ಮಾಡಿಸಿದ್ದಲ್ಲ. ಹಳೇ ಮನೆಯಲ್ಲಿ ಕರಿ ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದರು, ಅಂಚು ಹೊಳೆಯುತ್ತಿತ್ತು. ಇಲ್ಲಿ ಮೆಟ್ಟಿಲೂ ಗ್ರಾನೈಟ್, ನೆಲವೂ ಅದೇ ಬಣ್ಣದ ಗ್ರಾನೈಟ್. ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ತಿಳಿಯದು. ಈಗ ಪ್ರತಿ ಮೆಟ್ಟಿಲಿಗೂ ಹಳದಿ ಟೇಪು. ಸ್ಟೀಲ್ ತಟ್ಟೆಯಲ್ಲಿ ಮಜ್ಜಿಗೆ ಅನ್ನ ಅವಳಿಗೆ ಕಾಣುತ್ತಿರಲಿಲ್ಲ, ಅರ್ಧ ಬಿಟ್ಟು ಏಳುತ್ತಿದ್ದಳು, ಊಟ ಸೇರುತ್ತಿಲ್ಲ ಎಂದು ನಾವು ಟಾನಿಕ್ ತಂದಿದ್ದೆವು. ಒಂದು ಹಬ್ಬದ ದಿನ ಎಲೆಯಲ್ಲಿ ಪೂರ್ತಿ ಉಂಡಳು. ಹಸಿರಿನ ಮೇಲೆ ಬಿಳಿ. ಆವತ್ತಿನಿಂದ ಹಿತ್ತಲ ಬಾಳೆಗೆ ಬಿಡುವಿಲ್ಲ. ಇದನ್ನು ಕಂಡುಹಿಡಿದದ್ದು ಅತ್ತಿಗೆ.

ನೋಟುಗಳದ್ದು ಬೇರೆ ಗೋಳು. ಹಳೇ ನೂರಕ್ಕೂ ಐನೂರಕ್ಕೂ ಕೈಯಲ್ಲಿ ಹಿಡಿದರೇ ಒಂದು ಸೆಂಟಿಮೀಟರಿನ ವ್ಯತ್ಯಾಸ ತಿಳಿಯುತ್ತಿತ್ತು. ಈಗಿನ ನೂರು 142 ಮಿಲಿಮೀಟರ್ ಉದ್ದ, ಇನ್ನೂರು 146, ಐನೂರು 150. ಅಗಲ ಮೂರಕ್ಕೂ ಒಂದೇ. ನಾಲ್ಕು ಮಿಲಿಮೀಟರನ್ನು ಸಂತೆಯಲ್ಲಿ ನಿಂತು ಬೆರಳಲ್ಲಿ ಅಳೆಯುವವರು ಯಾರು? ರಿಸರ್ವ್ ಬ್ಯಾಂಕ್ 2020ರಲ್ಲಿ ಮಣಿ ಎಂಬ ಆ್ಯಪ್ ಬಿಟ್ಟಿದೆ, ಫೋನಿನ ಮುಂದೆ ನೋಟು ಹಿಡಿದರೆ ಎಷ್ಟೆಂದು ಹೇಳುತ್ತದೆ. ಸೊಪ್ಪಿನವಳ ಮುಂದೆ ಫೋನು ತೆಗೆದು ಅದನ್ನು ಮಾಡಲು ಅಮ್ಮನಿಗೆ ಸಂಕೋಚ. ಐನೂರನ್ನು ನಾಲ್ಕು ಮಡಿಕೆ, ಇನ್ನೂರನ್ನು ಎರಡು, ನೂರನ್ನು ಬಿಡಿಯಾಗಿ ಇಡುವ ತನ್ನದೇ ಲೆಕ್ಕ ಮಾಡಿಕೊಂಡಿದ್ದಾಳೆ. 2023ರಲ್ಲಿ ಒಣ ಬಗೆಯ ಕೊನೆಯ ಹಂತಕ್ಕೂ ಅಮೆರಿಕದಲ್ಲಿ ಎರಡು ಇಂಜೆಕ್ಷನ್ನುಗಳಿಗೆ ಒಪ್ಪಿಗೆ ಸಿಕ್ಕ ಸುದ್ದಿ ಓದಿ ಹೇಳಿದೆ. "ಹೋದದ್ದು ಬರುತ್ತಾ?" ಅಂದಳು. ಇಲ್ಲ, ಸವೆಯುವ ವೇಗ ತಗ್ಗುತ್ತದೆ ಅಂದೆ. "ಹಂಗಾದ್ರೆ ನಿನಗಿರಲಿ" ಅಂದಳು.

ಅದು ತಮಾಷೆಯ ಮಾತಲ್ಲ. ಹೆತ್ತವರಿಗಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ನಾನು ಹದಿನೈದು ವರ್ಷ ಸೇದಿ ಬಿಟ್ಟವನು. ನನಗೀಗ ಐವತ್ತೆರಡು. ಹೋದ ವರ್ಷ ಡಾಕ್ಟರಮ್ಮ ನನ್ನ ಕಣ್ಣಿಗೂ ಹನಿ ಹಾಕಿ, ಪಾಪೆ ಹಿಗ್ಗಿಸಿ ನೋಡಿದರು. ಸದ್ಯಕ್ಕೆ ಒಂದೆರಡು ಸಣ್ಣ ಚುಕ್ಕೆ, ಭಯವಿಲ್ಲ ಎಂದು ಹೇಳಿ ಒಂದು ಕಾರ್ಡು ಕೊಟ್ಟರು. ಗ್ರಾಫ್ ಹಾಳೆಯಂತೆ ಚೌಕುಳಿ, ನಡುವೆ ಒಂದು ಚುಕ್ಕೆ. ಆಮ್ಸ್ಲರ್ ಗ್ರಿಡ್ ಅಂತ ಅದರ ಹೆಸರು. ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತಲಿನ ಗೆರೆಗಳಲ್ಲಿ ಯಾವುದಾದರೂ ಬಾಗಿದರೆ, ಅಳಿಸಿಹೋದರೆ, ತಡಮಾಡದೆ ಓಡಿಬರಬೇಕು. ಬೆಂಗಳೂರಿನ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ, ಹಾಲಿನ ಲೆಕ್ಕದ ಪಕ್ಕ ಅಂಟಿಸಿದ್ದೇನೆ.

ಅಮ್ಮ ದಿನವೂ ಬೆಳಿಗ್ಗೆ ಏಳೂವರೆಗೆ ಫೋನು ಮಾಡುತ್ತಾಳೆ. ತಿಂಡಿ ಏನು ಎಂದು ಕೇಳುವ ಮೊದಲೇ, "ಗೆರೆ ನೋಡಿದ್ಯೇನೋ?" ನೋಡಿದೆ, ನೆಟ್ಟಗಿವೆ ಅನ್ನುತ್ತೇನೆ. ಮೊನ್ನೆ ಆತುರದಲ್ಲಿದ್ದೆ, ಸುಮ್ಮನೆ ಹೂಂ ಅಂದೆ.

"ಒಂದು ಕಣ್ಣು ಮುಚ್ಚಿಕೊಂಡು ನೋಡಿದ್ಯಾ?"

"ಎರಡೂ ತೆರೆದೇ ನೋಡಿದೆ ಅಮ್ಮಾ."

"ಎರಡೂ ತೆರೆದರೆ ಒಂದು ಇನ್ನೊಂದರದ್ದನ್ನ ಕಾಪಿ ಹೊಡೆಯುತ್ತೆ ಕಣೋ. ಹೋಗು, ಮೊದಲಿಂದ ನೋಡಿಕೊಂಡು ಬಾ. ನಾನು ಫೋನ್ ಇಡಲ್ಲ."